ಸರ್ಕಾರಿ ಶಾಲೆನೇ ‘ಈ ಮಗು ಬೇಡ’ ಅಂದ್ರೆ ಯಾರ ಹತ್ರ ಹೋಗ್ಬೇಕು?

ಹಾವೇರಿ ಚಿಕ್ಕವ್ವ

ಎಲ್ಲಾರಿಗೂ ನಮಸ್ಕಾರ್ರೀ. ಒಂದು ವಿಚಾರಕ್ಕ ನಿಮ್ಮ ಸಲಹೆ ಬೇಕಾಗೇತಿ, ಗೊತ್ತಿದ್ದೋರು ದಯವಿಟ್ಟು ಹೇಳ್ರಿ. ನಮ್ಮ ಅಕ್ಕನ ಮಗಳಿಗೆ ಏಳು ವರ್ಷ ತುಂಬ್ಯಾವ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರಿಯಿಂದ ಕೈಕಾಲು ಹಿಡಿತಕ್ಕ ಬರಂಗಿಲ್ಲ) ಐತಿ. ಗ್ವಾಡಿ ಹಿಡ್ಕೊಂಡು ಇಲ್ಲಾ ಯಾರರ ಕೈ ಹಿಡ್ಕೊಂಡು ನಡೀತಾಳ, ಮಾತು ನಿಧಾನ, ಆದ್ರ ಹೇಳಿದ್ದೆಲ್ಲಾ ತಿಳಿತೈತಿ, ಅಂಗನವಾಡಿ ಹಾಡೆಲ್ಲಾ ಬಾಯಿಪಾಠ. ಈ ವರ್ಷ ಊರಾಗಿನ ಸರ್ಕಾರಿ ಶಾಲಿಗೆ ಹೆಸರು ಹಚ್ಚಾಕ ಹೋದ್ರ ಹೆಡ್ ಮಾಸ್ತರು "ನಮ್ಮಲ್ಲಿ ಇಂಥಾ ಮಕ್ಕಳನ್ನ ನೋಡ್ಕೊಳ್ಳಾಕ ಯಾರೂ ಇಲ್ರೀ, ಬಿದ್ದು ಏನರ ಆದ್ರ ಜವಾಬ್ದಾರಿ ಯಾರದು, ಜಿಲ್ಲಾಕ ಸ್ಪೆಷಲ್ ಶಾಲಿ ಐತೆಲ್ಲ ಅಲ್ಲಿ ಹಾಕ್ರಿ" ಅಂದು ಕಳಿಸ್ಯಾರ. ಆ ಶಾಲಿ ನಮ್ಮೂರಿಂದ ಬಸ್ಸಿನ ಹಾದಿ ಒಂದೂವರೆ ತಾಸು. ಅಕ್ಕ ಮಾವ ಇಬ್ರೂ ಕೂಲಿ ಮಾಡೋರು. ಅವಳ ಅಣ್ಣ ಊರಾಗಿನ ಸರ್ಕಾರಿ ಶಾಲ್ಯಾಗ ನಾಕನೇತ್ತ ಓದ್ತಾನ, ಅವನ ಜೊತಿಗೆ ಹೋಗ್ತಾಳ ಬರ್ತಾಳ ಅಂತ ಲೆಕ್ಕ ಹಾಕಿದ್ವಿ. ಬಾಯಿಲೇ ಹೇಳಿ ಕಳಿಸ್ತಾರ, ಕಾಗದದ ಮ್ಯಾಲೆ ಏನೂ ಕೊಡವಲ್ರು. ಏನು ಮಾಡಬೇಕು?

ಮೈಸೂರು ವಕೀಲ

ಮೇಡಂ, ಹೆಡ್ ಮಾಸ್ಟರಿಗೆ ಬೇಡ ಅನ್ನೋ ಅಧಿಕಾರನೇ ಇಲ್ಲ, ಇಲ್ಲಿಂದ ಶುರು ಮಾಡಿ. ಆರ್‌ಟಿಇ, ಅಂದ್ರೆ ಶಿಕ್ಷಣದ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರೀಲಿದೆ, 6ರಿಂದ 14 ವರ್ಷದ ಪ್ರತಿ ಮಗುಗೂ ಮನೆ ಹತ್ರದ ಶಾಲೇಲಿ ಉಚಿತವಾಗಿ ಓದೋ ಹಕ್ಕಿದೆ. 2012ರ ತಿದ್ದುಪಡೀಲಿ ಅಂಗವೈಕಲ್ಯ ಇರೋ ಮಕ್ಕಳನ್ನ ಅವಕಾಶವಂಚಿತ ಗುಂಪಿನ ಒಳಗೆ ಸೇರಿಸಿದ್ರು. ಇದರ ಮೇಲೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು, ಸೆರೆಬ್ರಲ್ ಪಾಲ್ಸಿ ಅದರ 21 ವೈಕಲ್ಯಗಳ ಪಟ್ಟಿಯೊಳಗೆ ಬರುತ್ತೆ. ಅದರ 16ನೇ ಸೆಕ್ಷನ್ ನೋಡಿ: ಸರ್ಕಾರ ನಡೆಸೋ ಅಥವಾ ಸರ್ಕಾರದ ಮಾನ್ಯತೆ ಇರೋ ಶಾಲೆ ಭೇದಭಾವ ಇಲ್ಲದೆ ಸೇರಿಸ್ಕೋಬೇಕು, ಬೇರೆ ಮಕ್ಕಳ ಜೊತೆಗೇ ಆಟ ಪಾಠ ಎರಡಕ್ಕೂ ಅವಕಾಶ ಕೊಡಬೇಕು, ಕಟ್ಟಡ, ಶೌಚಾಲಯ ಬಳಸೋ ಹಾಗಿರ್ಬೇಕು. 31ನೇ ಸೆಕ್ಷನ್ ಪ್ರಕಾರ ಶೇ 40 ಅಥವಾ ಜಾಸ್ತಿ ವೈಕಲ್ಯ ಇದ್ದ ಮಗುಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ, ಅದೂ ಹತ್ತಿರದ ಶಾಲೇಲಾ ಇಲ್ಲ ಸ್ಪೆಷಲ್ ಶಾಲೇಲಾ ಅನ್ನೋ ಆಯ್ಕೆ ಮಗು ಕಡೆಯವರದ್ದು. ಹೆಡ್ ಮಾಸ್ಟರದ್ದಲ್ಲ.

ಈಗ ಕೆಲಸದ ಮಾತು. ಒಂದು ಅರ್ಜಿ ಬರೀರಿ, ಎರಡು ಪ್ರತಿ. ಮಗು ಹೆಸರು, ಹುಟ್ಟಿದ ದಿನ, ಯಾವ ದಿನ ಹೋಗಿದ್ರಿ, ಏನು ಹೇಳಿ ಕಳಿಸಿದ್ರು ಎಲ್ಲ ಇರ್ಲಿ. "ದಾಖಲಾತಿ ಕೊಡಿ, ಕೊಡೋಕಾಗಲ್ಲ ಅಂದ್ರೆ ಯಾವ ನಿಯಮದ ಪ್ರಕಾರ ಅಂತ ಹಿಂಬರಹ (ಲಿಖಿತ ಉತ್ತರ) ಕೊಡಿ" ಅನ್ನೋ ಸಾಲು ಮರೀಬೇಡಿ. ಒಂದು ಪ್ರತಿ ಮೇಲೆ ಶಾಲೆ ಸೀಲ್, ಸಹಿ, ದಿನಾಂಕ ಹಾಕಿಸ್ಕೊಳ್ಳಿ. ತಗೊಳ್ಳಲ್ಲ ಅಂದ್ರೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೂ ಒಂದು. ಅನುಭವದಿಂದ ಹೇಳ್ತೀನಿ, ಹಿಂಬರಹ ಕೇಳಿದ ಕೂಡ್ಲೇ ಅರ್ಧಕ್ಕರ್ಧ ಕೇಸ್ ಅಲ್ಲೇ ಮುಗಿಯುತ್ತೆ, ಯಾಕಂದ್ರೆ ಬರೆದು ಕೊಡೋಕೆ ಯಾರ ಹತ್ರಾನೂ ಕಾರಣ ಇರಲ್ಲ.

ನಿವೃತ್ತ ಮೇಷ್ಟ್ರು, ತುಮಕೂರು

ವಕೀಲರು ಹೇಳಿದ್ದು ಪೂರ್ತಿ ಸರಿ. ಸ್ವಲ್ಪ ಶಾಲೆ ಒಳಗಿನ ವಿಷಯ ಸೇರಿಸ್ತೀನಿ. ಈ ‘ಜೊತೆಯಲ್ಲೇ ಕೂರಿಸಿ ಕಲಿಸೋದು’ ನಿನ್ನೆ ಮೊನ್ನೆ ಬಂದಿದ್ದಲ್ಲ ಕಣಮ್ಮ, ಕೇಂದ್ರದ ಸಮನ್ವಯ ಶಿಕ್ಷಣ ಯೋಜನೆ 1974ರಲ್ಲೇ ಶುರುವಾಯ್ತು, 1995ರ ಕಾಯ್ದೇಲೂ 18 ವರ್ಷದ ತನಕ ಉಚಿತ ಶಿಕ್ಷಣ ಅಂತಿತ್ತು. ಕಾಗದ ಯಾವತ್ತೂ ಮುಂದೆ ಇತ್ತು, ಶಾಲೆ ಬಾಗಿಲು ಹಿಂದೆ ಉಳೀತು.

ಹುಡುಗಿಗೆ ಏಳು ತುಂಬಿದೆ ಅಂದ್ರಿ. ಆರ್‌ಟಿಇ 4ನೇ ಸೆಕ್ಷನ್ ಪ್ರಕಾರ ತಡವಾಗಿ ಬಂದ ಮಗುನ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡ್ಬೇಕು, ಹಾಗಾಗಿ ಎರಡನೇ ಕ್ಲಾಸಿಗೆ ಹಾಕ್ತೀವಿ ಅಂದ್ರೆ ಗಾಬರಿ ಬೇಡ. ಆದ್ರೆ ಹೆಸರು ಸ್ಯಾಟ್ಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಹತ್ತಿದೆಯಾ ಅಂತ ಖಂಡಿತ ನೋಡಿ. ಕೆಲವು ಕಡೆ "ಬಂದು ಕೂತ್ಕೊಳ್ಳಿ, ಆಮೇಲೆ ನೋಡೋಣ" ಅಂತ ರಿಜಿಸ್ಟರಲ್ಲಿ ಬರೀದೇನೇ ಕೂರಿಸ್ಕೋತಾರೆ, ಮಗು ಬರೋದು ನಿಂತ ದಿನ ಕೇಳೋರು ಇರಲ್ಲ. ಸ್ಯಾಟ್ಸ್ ನಂಬರ್ ಬಂದ್ರೆ ಪುಸ್ತಕ, ಸಮವಸ್ತ್ರ, ಭತ್ಯೆ ಎಲ್ಲಾ ಅದರ ಹಿಂದೆ ಬರುತ್ತೆ. ಆ ನಮೂನೇಲಿ ವಿಶೇಷ ಅಗತ್ಯ ಇರೋ ಮಗು ಅಂತ ಗುರುತು ಮಾಡ್ಸಿ. ಗುರುತೇ ಇಲ್ಲದಿದ್ರೆ ಇಲಾಖೆ ಲೆಕ್ಕದಲ್ಲಿ ಆ ಮಗು ಇಲ್ಲ.

ನಲಿಕಲಿ ಟೀಚರ್

ನಾನು ಚಿತ್ರದುರ್ಗ ಕಡೆ ಪ್ರಾಥಮಿಕ ಶಾಲೆ ಶಿಕ್ಷಕಿ. ಎಲ್ರೂ ಕಾನೂನು ಹೇಳ್ತಿದೀರ, ಬೇಜಾರ್ ಮಾಡ್ಕೋಬೇಡಿ, ತರಗತಿ ಒಳಗೆ ಏನಿದೆ ಅಂತಾನೂ ಸ್ವಲ್ಪ ಕೇಳಿ. ಒಂದರಿಂದ ಮೂರನೇ ಕ್ಲಾಸು ಒಂದೇ ಕೋಣೆ, ನಾನೊಬ್ಳೇ. ನಮ್ಮ ಶಾಲೇಲಿ ಇರೋದೇ ಇಬ್ರು, ಹೆಚ್ಎಂ ಮೀಟಿಂಗ್‌ಗೆ ಹೋದ ದಿನ ಐದೂ ಕ್ಲಾಸ್ ನನ್ನ ಮೇಲೆ. ಬಿಸಿಯೂಟದ ಅಕ್ಕಿ ಬೇಳೆ ಲೆಕ್ಕ, ಮೊಟ್ಟೆ ತಿನ್ನೋರು ಎಷ್ಟು ಬಾಳೆಹಣ್ಣು ಎಷ್ಟು ಅನ್ನೋ ಲೆಕ್ಕ, ಆನ್‌ಲೈನ್ ಎಂಟ್ರಿ, ಸಮೀಕ್ಷೆ ಡ್ಯೂಟಿ, ಇದರ ನಡುವೆ ಒಂದು ಮಗುನ ಶೌಚಕ್ಕೆ ಎತ್ಕೊಂಡ್ ಹೋಗ್ಬೇಕು ಅಂದ್ರೆ ಉಳಿದ ಮೂವತ್ತು ಮಕ್ಕಳನ್ನ ಯಾರ ಕೈಗೆ ಕೊಡ್ಲಿ? ಮಗು ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳೋದೂ ಇಲ್ಲ, ನಮ್ಮ ಕ್ಲಾಸಲ್ಲಿ ಕಿವಿ ಕೇಳದ ಒಬ್ಬ ಹುಡುಗ ಇದಾನೆ. ಆದ್ರೆ ಆ ಹೆಡ್ ಮಾಸ್ಟರ್ ಕೆಟ್ಟೋರೇ ಅಂತ ತೀರ್ಮಾನ ಮಾಡ್ಬೇಡಿ. ಭಯ ಇರುತ್ತೆ. ಬಿದ್ದು ಏಟಾದ್ರೆ ಸಸ್ಪೆಂಡ್ ಆಗೋರು ನಾವೇ ತಾನೆ.

ರಾಯಚೂರು ಬಿಐಇಆರ್‌ಟಿ

ಟೀಚರ್ ಅಕ್ಕಾ ಹೇಳಿದ್ದು ಖರೇ. ನಾ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕ ಇದ್ದೀನ್ರಿ, ಬಿಐಇಆರ್‌ಟಿ ಅಂತಾರ. ಇಡೀ ತಾಲೂಕಿಗೆ ನಾವು ಕೈಬೆರಳಲ್ಲಿ ಎಣಿಸೋಷ್ಟು ಮಂದಿ, ಶಾಲಿಗೂ ಹೋಗಬೇಕು, ಮನಿಗೂ ಹೋಗಬೇಕು. ಆದ್ರೂ ಏನೇನು ಸಿಗತದ ಅನ್ನೋದು ಪಾಲಕರಿಗೆ ಗೊತ್ತಿರಬೇಕು ಅಂತ ಬರೀಲಿಕ್ಕತ್ತೀನಿ.

ಸಮಗ್ರ ಶಿಕ್ಷಾ ಅನ್ನೋ ಸರ್ಕಾರಿ ಶಾಲಾ ಯೋಜನೆದಾಗ ಪ್ರತಿ ವಿಶೇಷ ಅಗತ್ಯದ ಮಗುಗೆ ವರ್ಷಕ್ಕ 3,500 ರೂಪಾಯಿ ತನಕ ಖರ್ಚು ಮಾಡಲಿಕ್ಕ ಅವಕಾಶ ಅದ. ಸಲಕರಣೆ, ಫಿಸಿಯೋಥೆರಪಿ, ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ (ಮಗುನ್ನ ಕರಕೊಂಡು ಬರೋರಿಗೆ ಕೊಡೋದು), ಕಣ್ಣು ಕಾಣದ ಮಕ್ಕಳಿಗೆ ಓದಿ ಹೇಳೋರ ಭತ್ಯೆ, ಇವೆಲ್ಲಾ ಅದರೊಳಗ ಬರ್ತಾವ. ಹೆಣ್ಣುಮಕ್ಕಳಿಗೆ ಬ್ಯಾರೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹ ಧನ. ರೊಕ್ಕ ದೊಡ್ಡದಲ್ಲ, ವ್ಯಾಳ್ಯಾಕ ಬರಂಗೂ ಇಲ್ಲ ಕೆಲವೊಮ್ಮೆ, ಆದ್ರ ಹೆಸರಿದ್ರ ಕೇಳಬಹುದು. ಬಿಆರ್‌ಸಿಯೊಳಗ (ತಾಲೂಕಿನ ಸಂಪನ್ಮೂಲ ಕೇಂದ್ರ) ವೈದ್ಯಕೀಯ ತಪಾಸಣಾ ಶಿಬಿರ ಆಗತದ, ಸಲಕರಣೆ ಮಾಡೋ ಸರ್ಕಾರಿ ಕಂಪನಿ ಅಲಿಮ್ಕೋದವ್ರು ಬಂದು ಅಳತಿ ತಗೊಂಡು ವೀಲ್‌ಚೇರ್, ಸಿಪಿ ಚೇರ್ (ಸೆರೆಬ್ರಲ್ ಪಾಲ್ಸಿ ಮಕ್ಕಳ ಕುರ್ಚಿ), ಕ್ಯಾಲಿಪರ್ (ಕಾಲಿಗೆ ಕಟ್ಟೋ ಆಧಾರ) ಕೊಡ್ತಾರ. ಹಾವೇರಿ ಚಿಕ್ಕವ್ವನವ್ರ ಅಕ್ಕನ ಮಗಳಿಗೆ ಸಿಪಿ ಚೇರ್ ಅಥವಾ ರೋಲೇಟರ್ (ಹಿಡ್ಕೊಂಡು ನಡಿಯೋ ಗಾಲಿ ಚೌಕಟ್ಟು) ಸಿಕ್ರ ಹೆಡ್ ಮಾಸ್ಟರ ಅರ್ಧ ಭಯ ಕಡಿಮಿ ಆಗತದ.

ಇನ್ನೊಂದು ಮಾತು, ಇದನ್ನ ಗಟ್ಟಿಯಾಗಿ ಹೇಳಬೇಕು. ಶಾಲಿಯವ್ರು ‘ಗೃಹಾಧಾರಿತ ಶಿಕ್ಷಣ’ ಅಂತ ಬರಸ್ರಿ ಅಂದ್ರ ತಕ್ಷಣ ಹ್ಞೂಂ ಅನಬ್ಯಾಡ್ರಿ. ಅದು ಹಾಸಿಗಿ ಬಿಟ್ಟು ಏಳಲಿಕ್ಕೇ ಆಗದ, ತೀವ್ರ ಅಥವಾ ಬಹುವಿಧ ವೈಕಲ್ಯ ಇರೋ ಮಕ್ಕಳಿಗೆ ಅಂತ ಇಟ್ಟದ್ದು, ಕಾಯ್ದೆದಾಗೂ ಅದು ಮಗುವಿನ ಹಕ್ಕು ಅಂತ ಅದ, ಶಾಲಿಯವ್ರ ಅನುಕೂಲಕ್ಕಲ್ಲ. ನಡೀಲಿಕ್ಕ ಬರೋ, ಹಾಡು ಹೇಳೋ ಹುಡುಗಿನ್ನ ಮನ್ಯಾಗ ಕೂಡಿಸಿ ವಾರಕ್ಕೊಮ್ಮೆ ನಾವು ಹೋಗಿ ಒಂದು ತಾಸು ಕಲಿಸಿದ್ರ ಅದು ಶಾಲಿ ಆಗೂದಿಲ್ರಿ. ಜೊತಿಗಾರರು ಎಲ್ಲಿಂದ ಬರಬೇಕು?

ಪುತ್ತೂರಿನ ಅಪ್ಪ

ನನ್ನ ಮಗ ವೀಲ್‌ಚೇರ್ ಉಪಯೋಗಿಸ್ತಾನೆ, ಸರ್ಕಾರಿ ಪ್ರೌಢಶಾಲೆ. ಸೇರಿಸ್ಲಿಕ್ಕೆ ಯಾರೂ ತಕರಾರು ಮಾಡ್ಲಿಲ್ಲ, ಒಳ್ಳೆಯ ಮೇಷ್ಟ್ರುಗಳು. ನಮ್ಮ ತೊಂದರೆ ರ‍್ಯಾಂಪ್‌ದು ಮಾರಾಯ್ರೆ. ಎಲ್ಲ ಶಾಲೆಗೂ ರ‍್ಯಾಂಪ್ ಉಂಟು ಅಂತ ಲೆಕ್ಕದಲ್ಲಿ ಉಂಟು, ಹೋಗಿ ನೋಡಿದ್ರೆ ಮೆಟ್ಟಿಲಿನ ಬದಿಗೆ ಸಿಮೆಂಟ್ ಸುರಿದು ಜಾರುಬಂಡಿ ಹಾಗೆ ಮಾಡಿ ಇಟ್ಟಿದ್ದಾರೆ. ನಿಯಮ ಏನು ಅಂದ್ರೆ 1:12, ಅಂದ್ರೆ ಒಂದು ಅಡಿ ಎತ್ತರ ಹತ್ತಬೇಕಾದ್ರೆ ಹನ್ನೆರಡು ಅಡಿ ಉದ್ದ ಬೇಕು. ನಮ್ಮ ಶಾಲೆ ಜಗಲಿ ಎರಡು ಅಡಿ ಎತ್ತರ, ಹಾಗಾದ್ರೆ ಇಪ್ಪತ್ನಾಲ್ಕು ಅಡಿ ಆಗ್ಬೇಕಿತ್ತು, ಮಾಡಿದ್ದು ಏಳೆಂಟು ಅಡಿ. ಹಿಂದಿನಿಂದ ಇಬ್ರು ತಳ್ಳದೆ ಹತ್ತೋದಿಲ್ಲ, ಇಳೀವಾಗ ಜೀವ ಕೈಯಲ್ಲಿ. ಮಳೆಗಾಲದಲ್ಲಿ ಪಾಚಿ ಕಟ್ತದೆ, ನಮ್ಮ ಕಡೆ ಮಳೆ ಗೊತ್ತುಂಟಲ್ಲ. ಶೌಚಾಲಯದ ಬಾಗಿಲು ವೀಲ್‌ಚೇರಿಗಿಂತ ಕಿರಿದು. ಮಗ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ, ಶಾಲೆಯಲ್ಲಿ ಹೋಗ್ಲಿಕ್ಕೆ ಆಗ್ತದೋ ಇಲ್ವೋ ಅಂತ. ಹದಿನಾಲ್ಕು ವರ್ಷದ ಹುಡುಗ. ಇದನ್ನು ಯಾವ ರಿಜಿಸ್ಟರಲ್ಲಿ ಬರೀತಾರೆ?

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಹೇಳಿ ಹೇಳಿ, ಮತ್ತೆ ಪಂಚಾಯತಿನ ಮಕ್ಕಳ ಗ್ರಾಮಸಭೆಯಲ್ಲಿ ಮಗನೇ ಎದ್ದು ಹೇಳಿದ. ಅಲ್ಲಿ ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬಂತು, ನಂತರ ಪಿಡಿಒ ಬಂದು ಅಳತೆ ಮಾಡಿ ಹೋದ್ರು, ಹ್ಯಾಂಡ್‌ರೈಲ್ ಆಯ್ತು, ರ‍್ಯಾಂಪ್ ಇನ್ನೂ ಆಗ್ಬೇಕು. ಮಕ್ಕಳ ಗ್ರಾಮಸಭೆಯನ್ನು ಸುಮ್ನೆ ಭಾಷಣ ಬಿಸ್ಕತ್ತು ಅಂತ ಬಿಡ್ಬೇಡಿ, ಅಲ್ಲಿ ಮಕ್ಕಳು ಕೇಳಿದ್ದಕ್ಕೆ ಪಂಚಾಯತಿ ಉತ್ತರ ಕೊಡ್ಬೇಕು.

ನ್ಯೂಜೆರ್ಸಿ ಕನ್ನಡತಿ

ಇದನ್ನ ಓದ್ತಾ ಇದ್ರೆ ಹೊಟ್ಟೆ ಉರಿಯುತ್ತೆ. ನನ್ನ ಮಗನಿಗೆ ಆಟಿಸಂ, ಇಲ್ಲಿ ಪಬ್ಲಿಕ್ ಸ್ಕೂಲಿಗೇ ಹೋಗ್ತಾನೆ. ಇಲ್ಲಿ ಹೇಗೆ ಅಂದ್ರೆ ವಿಶೇಷ ಶಿಕ್ಷಣ ಪಡೆಯೋ ಪ್ರತಿ ಮಗುಗೂ ಐಇಪಿ ಅಂತ ಒಂದು ಲಿಖಿತ ಪ್ಲ್ಯಾನ್ ಇರುತ್ತೆ, ವರ್ಷಕ್ಕೆ ಒಂದ್ಸಲನಾದ್ರೂ ಟೀಚರ್, ಸ್ಪೆಷಲ್ ಎಜುಕೇಟರ್, ತಂದೆತಾಯಿ ಎಲ್ಲಾ ಕೂತು ಮಾಡ್ಬೇಕು, ವಾರಕ್ಕೆ ಎಷ್ಟು ನಿಮಿಷ ಸ್ಪೀಚ್ ಥೆರಪಿ ಅನ್ನೋದೂ ಅದರಲ್ಲಿ ಬರೆದಿರುತ್ತೆ. ನಮ್ಮತ್ತೆ ಬಂದಿದ್ದಾಗ ಮೀಟಿಂಗ್‌ಗೆ ಬಂದು ಕೂತಿದ್ರು, "ಇಷ್ಟು ಜನ ಒಂದು ಮಗುಗೋಸ್ಕರ?" ಅಂತ ಕೇಳಿದ್ರು.

ಆದ್ರೆ ಇದು ಇಲ್ಲಿಯವರ ಒಳ್ಳೆತನದಿಂದ ಬಂದಿದ್ದಲ್ಲ, ಜಗಳ ಆಡಿ ಬಂದಿದ್ದು, ಅದನ್ನ ಹೇಳೋಕೇ ಬರೀತಿದೀನಿ. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಅನ್ನೋದು ತಪ್ಪು ಅಂತ ಇಲ್ಲಿಯ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ, ಬ್ರೌನ್ ಕೇಸ್. ಅದೇ ವಾದ ಹಿಡ್ಕೊಂಡು ಅಂಗವಿಕಲ ಮಕ್ಕಳ ತಂದೆತಾಯಂದ್ರು ಪೆನ್ಸಿಲ್ವೇನಿಯಾದಲ್ಲಿ ಕೋರ್ಟಿಗೆ ಹೋದ್ರು. 1973ರಲ್ಲಿ 504 ಅನ್ನೋ ಸೆಕ್ಷನ್ ಬಂತು, ಸರ್ಕಾರದ ದುಡ್ಡು ತಗೊಳ್ಳೋ ಯಾವ ಸಂಸ್ಥೆನೂ ಅಂಗವೈಕಲ್ಯದ ಕಾರಣಕ್ಕೆ ಭೇದ ಮಾಡೋ ಹಾಗಿಲ್ಲ ಅಂತ. ಆದ್ರೆ ನಿಯಮಗಳಿಗೆ ಸಹಿ ಬೀಳ್ಲಿಲ್ಲ, ನಾಲ್ಕು ವರ್ಷ. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ವೀಲ್‌ಚೇರ್‌ನಲ್ಲೇ ಹೋಗಿ ಮೂರು ವಾರಕ್ಕೂ ಮೇಲೆ ಧರಣಿ ಕೂತ್ರು, ಆಮೇಲೆ ಸಹಿ ಆಯ್ತು. ಈಗ ಐಡಿಇಎ ಅಂತ ಕರೆಯೋ ಶಿಕ್ಷಣ ಕಾಯ್ದೆ 1975ರದ್ದು, ಅದು ಬರೋ ಹೊತ್ತಿಗೆ ಹತ್ತು ಲಕ್ಷ ಅಂಗವಿಕಲ ಮಕ್ಕಳು ಪಬ್ಲಿಕ್ ಸ್ಕೂಲಿನಿಂದ ಪೂರ್ತಿ ಹೊರಗಿದ್ದಾರೆ ಅಂತ ಅವರ ಸಂಸತ್ತೇ ಕಾಯ್ದೇಲಿ ಬರೆದಿತ್ತು.

ಈಗಲೂ ಎಲ್ಲಾ ಸರಿ ಇದೆ ಅಂತಲ್ಲ. ಶಾಲೇಲಿ ಭೇದಭಾವ ಆದ್ರೆ ದೂರು ಕೊಡೋಕೆ ಶಿಕ್ಷಣ ಇಲಾಖೆ ಒಳಗೇ ಸಿವಿಲ್ ರೈಟ್ಸ್ ಕಚೇರಿ ಇದೆ, ವಕೀಲರು ಬೇಕಿಲ್ಲ, ಶುಲ್ಕ ಇಲ್ಲ, 180 ದಿನದೊಳಗೆ ಬರೆದು ಕಳಿಸಿದ್ರೆ ಆಯ್ತು. 2025ರ ಮಾರ್ಚ್‌ನಲ್ಲಿ ಅದರ 12 ಪ್ರಾದೇಶಿಕ ಕಚೇರಿಗಳಲ್ಲಿ 7ನ್ನ ಮುಚ್ಚೋ ತೀರ್ಮಾನ ಮಾಡಿದ್ರು. ನಮ್ಮಂಥ ತಂದೆತಾಯಂದ್ರಿಗೆ ಆವತ್ತು ನಿದ್ದೆ ಬರ್ಲಿಲ್ಲ. ಹಕ್ಕು ಪುಸ್ತಕದಲ್ಲಿ ಹಾಗೇ ಇರುತ್ತೆ, ಕೇಳೋ ಕಚೇರೀಲಿ ಜನ ಇಲ್ಲ ಅಂದ್ರೆ ಏನು ಮಾಡೋದು.

ನಲಿಕಲಿ ಟೀಚರ್

ನ್ಯೂಜೆರ್ಸಿ ಅಕ್ಕ, ಓದಿ ಖುಷಿ ಆಯ್ತು ಸಂಕಟಾನೂ ಆಯ್ತು. ಒಂದು ಮಗುಗೆ ಐದು ಜನ ಕೂರ್ತಾರೆ ಅಂತೀರ, ನಮ್ಮಲ್ಲಿ ಐದು ಶಾಲೆಗೆ ಒಬ್ರು ಸ್ಪೆಷಲ್ ಟೀಚರ್ ಕೊಡ್ಲಿ ಸಾಕು.

ಮೈಸೂರು ವಕೀಲ

ಟೀಚರ್ ಮೇಡಂ, ನೀವು ಕೇಳ್ತಿರೋದನ್ನ ಸುಪ್ರೀಂ ಕೋರ್ಟೇ ಹೇಳಿ ಆಗಿದೆ. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಕೇಸಲ್ಲಿ, ಪ್ರಾಥಮಿಕದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬ ಅಂತ ಮಾನದಂಡ ಕೊಟ್ಟಿದೆ, ಹಾಗೇ ಇವರನ್ನ ಕಾಯಂ ಹುದ್ದೇಲಿ ತಗೋಬೇಕು ಅಂತಾನೂ. 2025ರಲ್ಲಿ ಮತ್ತೆ ರಾಜ್ಯಗಳಿಗೆ ಹುದ್ದೆ ಮಂಜೂರು ಮಾಡಿ ಅಂತ ಗಡುವು ಹಾಕ್ತು. ಆದ್ರಿಂದ ನಿಮ್ಮ ಕಷ್ಟ ಮಗು ವಿರುದ್ಧದ ವಾದ ಆಗ್ಬಾರ್ದು, ಸರ್ಕಾರದ ವಿರುದ್ಧದ ವಾದ ಆಗ್ಬೇಕು. ಶಾಲೆ ಹೆಚ್ಎಂ ಆ ಮಗುನ ಸೇರಿಸ್ಕೊಂಡು, ಅದೇ ದಿನ ಬಿಇಓಗೆ "ಇಂಥ ಮಗು ಬಂದಿದೆ, ಇಷ್ಟು ಸಹಾಯ ಬೇಕು" ಅಂತ ಪತ್ರ ಬರೆದ್ರೆ ಅವರ ತಲೆ ಮೇಲಿನ ಭಾರ ಮೇಲಕ್ಕೆ ಹೋಗುತ್ತೆ. ನಾಳೆ ಏನಾದ್ರೂ ಆದ್ರೂ ಅವರ ಹತ್ರ ಕಾಗದ ಇರುತ್ತೆ. ಸೇರಿಸ್ಕೊಳ್ಳಲ್ಲ ಅಂದ್ರೆ ಮಾತ್ರ ಅವರೇ ಸಿಕ್ಕಿಬೀಳೋದು, 2016ರ ಕಾಯ್ದೆ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿ ತನಕ ದಂಡ, ಮತ್ತೆ ಮಾಡಿದ್ರೆ 50,000ದಿಂದ 5 ಲಕ್ಷ.

ಈ ವಿಷಯಕ್ಕೇ ಸೇರಿದ್ದು: ನಮ್ಮಲ್ಲಿ ಆರ್‌ಟಿಇ ಅಂದ್ರೆ ಪ್ರೈವೇಟ್ ಶಾಲೇಲಿ ಫ್ರೀ ಸೀಟು ಅಂತ ಮಾತ್ರ ಜನರ ತಲೇಲಿ ಕೂತಿದೆ. ಅದು ಒಂದು ಸಣ್ಣ ಸೆಕ್ಷನ್. ಹತ್ರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಆ ಸೀಟು ಇಲ್ಲ ಅಂತ ರಾಜ್ಯ ಸರ್ಕಾರ 2018ರ ಕೊನೇಲಿ ನಿಯಮ ಬದಲಾಯಿಸ್ತು, 2019ರಲ್ಲಿ ಹೈಕೋರ್ಟೂ ಎತ್ತಿಹಿಡೀತು. ಆಮೇಲೆ ಜನ ಆರ್‌ಟಿಇ ಸತ್ತೇ ಹೋಯ್ತು ಅಂದ್ಕೊಂಡ್ರು. ಮಿಕ್ಕ ಕಾಯ್ದೆ ಎಲ್ಲಾ ಸರ್ಕಾರಿ ಶಾಲೆಗೇ ಇರೋದು ಸ್ವಾಮಿ, ಅದನ್ನ ಯಾರೂ ಕೇಳ್ತಿಲ್ಲ.

ಕೋಲಾರದ ಹುಡುಗ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಅಂಗವಿಕಲ ಮಕ್ಕಳ ವಿಷಯ ನಡೀತಿದೆ, ಆದ್ರೆ ಒಳಗೆ ಸೇರಿಸ್ಕೊಂಡ ಮೇಲೆ ಸಮಾನವಾಗಿ ನೋಡೋದು ಇದೆಯಲ್ಲ, ಅದು ನಮ್ಮಂಥವರಿಗೂ ಸೇರಿದ್ದು. ನಾನು ಎಸ್‌ಸಿ, ಹಾಸ್ಟೆಲಲ್ಲಿ ಓದಿದವನು. 2023ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆ ಮಾಲೂರು ತಾಲೂಕಿನ ಮೊರಾರ್ಜಿ ವಸತಿ ಶಾಲೇಲಿ ಮಕ್ಕಳನ್ನ ಶೌಚಗುಂಡಿಗೆ ಇಳಿಸಿ ಕ್ಲೀನ್ ಮಾಡಿಸಿದ ವಿಡಿಯೋ ಎಲ್ರೂ ನೋಡಿದೀರ. ಪ್ರಾಂಶುಪಾಲರ ಬಂಧನಾನೂ ಆಯ್ತು. ಗುಂಡಿ ಕೆಲಸಕ್ಕೆ ದೊಡ್ಡೋರನ್ನ ಇಳಿಸೋದೇ ಮಲ ಹೊರೋ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ, ಇವರು ಮಕ್ಕಳನ್ನ ಇಳಿಸಿದ್ರು. ವಿಡಿಯೋ ಇಲ್ಲದೇ ಇದ್ದಿದ್ರೆ? ಗುಡಿಸೋಕೆ, ಶೌಚಾಲಯಕ್ಕೆ ನೀರು ಹಾಕೋಕೆ ಯಾವ ಮಕ್ಕಳ ಹೆಸರು ಕರೀತಾರೆ ಅಂತ ಯಾವತ್ತಾದ್ರೂ ಗಮನಿಸಿ. ಎಲ್ಲಾ ಮಕ್ಕಳೂ ಸರದಿ ಮೇಲೆ ತರಗತಿ ಗುಡಿಸಿದ್ರೆ ನನ್ನ ತಕರಾರಿಲ್ಲ. ಸರದಿ ಇದ್ರೆ ಅದರಲ್ಲಿ ಎಲ್ಲರ ಹೆಸರು ಇರ್ಬೇಕು, ಶೌಚಾಲಯ ಮಾತ್ರ ಯಾವ ಮಗು ಕೈಲೂ ಮಾಡಿಸ್ಬಾರ್ದು.

ನಿವೃತ್ತ ಮೇಷ್ಟ್ರು, ತುಮಕೂರು

ತಮ್ಮಾ, ನೀನು ಹೇಳಿದ್ದು ಇದೇ ವಿಷಯ, ಕ್ಷಮೆ ಯಾಕೆ. ಬಿಸಿಯೂಟದ್ದೂ ಸೇರಿಸು. 2004ರ ಏಪ್ರಿಲ್ 20ರ ಆದೇಶದಲ್ಲಿ ಸುಪ್ರೀಂ ಕೋರ್ಟು, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದ್ಯತೆ ಕೊಡಿ ಅಂತ ಹೇಳಿದೆ. ಯಾಕೆ ಹೇಳಿತು ಅನ್ನೋದು ಅಡುಗೆಮನೆ ಬಾಗಿಲಲ್ಲಿ ನಿಂತವರಿಗೆ ಗೊತ್ತು. ನಾನು ಹೆಚ್ಎಂ ಆಗಿದ್ದ ಊರಲ್ಲಿ ದಲಿತ ಹೆಣ್ಣುಮಗಳು ಅಡುಗೆಗೆ ಬಂದಾಗ ಕೆಲವು ಮಕ್ಕಳು ಮನೆಯಿಂದ ಬುತ್ತಿ ತರೋಕೆ ಶುರು ಮಾಡಿದ್ರು. ಮಕ್ಕಳಿಗೆ ಏನು ಗೊತ್ತು, ಮನೇಲಿ ಹೇಳಿ ಕಳಿಸ್ತಿದ್ರು. ಶಿಕ್ಷಕರೆಲ್ಲಾ ಅದೇ ಅನ್ನ ಸಾರು ಮಕ್ಕಳ ಪಂಕ್ತೀಲೇ ಕೂತು ಉಂಡ್ವಿ, ದಿನಾ. ಒಂದೊಂದೇ ಮಗು ಬುತ್ತಿ ಮುಚ್ಚಿಟ್ಟು ತಟ್ಟೆ ಹಿಡೀತು. ಕೆಲವು ಮನೆಯವರು ಟಿಸಿ ಒಯ್ದ್ರು, ಒಯ್ಯಲಿ ಅಂತ ಬಿಟ್ವಿ, ಅಡುಗೆಯವಳನ್ನ ಬದಲಾಯಿಸ್ಲಿಲ್ಲ. ಇವತ್ತಿಗೂ ಅಲ್ಲಲ್ಲಿ ಅಡುಗೆಯವರನ್ನೇ ಬದಲಾಯಿಸಿ ‘ರಾಜಿ’ ಮಾಡಿಸ್ತಾರೆ ಅಂತ ಕೇಳಿದಾಗ ಸಿಟ್ಟು ಬರುತ್ತೆ. ಅದು ರಾಜಿ ಹೇಗಾಗುತ್ತೆ?

ಹಾವೇರಿ ಚಿಕ್ಕವ್ವ

ಎಲ್ಲಾರಿಗೂ ಶರಣ್ರೀ, ಇಷ್ಟೆಲ್ಲಾ ಹೇಳಿದ್ದಕ್ಕ. ಅರ್ಜಿ ಬರದೇವಿ. ಆದ್ರ ಅಕ್ಕ ಈಗ ಬ್ಯಾಡ ಅನ್ನಾಕತ್ಯಾಳ. ಎಸ್‌ಡಿಎಂಸಿಯವರೊಬ್ರು ಮನಿಗೆ ಬಂದು "ಬಿಇಓಗೆ ಬರದ್ರ ಶಾಲಿ ಹೆಸರು ಹಾಳಾಗತೈತಿ, ನಾಳೆ ಮಗು ಅಲ್ಲೇ ಕೂಡಬೇಕಲ್ಲ, ಮಾಸ್ತರ ಮನಸು ಮುರದ್ರ ಯಾರು ನೋಡ್ತಾರ" ಅಂದು ಹೋಗ್ಯಾರ. ದೊಡ್ಡ ಹುಡುಗನೂ ಅಲ್ಲೇ ಓದ್ತಾನಲ್ರೀ, ಅವನ ಮ್ಯಾಲೆ ಸಿಟ್ಟು ತೀರಿಸ್ಕೊಂಡ್ರ ಅಂತ ಅಕ್ಕಗ ಅಂಜಿಕಿ. ನನಗೂ ಇದಕ್ಕ ಏನು ಹೇಳಬೇಕು ತಿಳೀವಲ್ದು.

ರಾಯಚೂರು ಬಿಐಇಆರ್‌ಟಿ

ಅಕ್ಕಾರ, ಈ ಅಂಜಿಕಿ ಇಲ್ಲದ ಒಂದು ಮನಿನೂ ನಾ ನೋಡಿಲ್ಲ. ಒಬ್ಬರೇ ಹೋಗಬ್ಯಾಡ್ರಿ, ಅಷ್ಟೇ. ನಿಮ್ಮ ಗ್ರಾಮ ಪಂಚಾಯತಿಯೊಳಗ ವಿಆರ್‌ಡಬ್ಲ್ಯೂ ಅಂತ ಇರ್ತಾರ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಹೆಚ್ಚಾಗಿ ಅವರೂ ಅಂಗವಿಕಲರೇ. ತಾಲೂಕಿಗೆ ಎಂಆರ್‌ಡಬ್ಲ್ಯೂ. ಅವರನ್ನ, ನಿಮ್ಮ ಕ್ಲಸ್ಟರ್ ಸಿಆರ್‌ಪಿನ್ನ (ಸುತ್ತಲ ಶಾಲಿಗಳ ಸಂಪನ್ಮೂಲ ವ್ಯಕ್ತಿ), ಅಂಗನವಾಡಿ ಟೀಚರ್‌ನ್ನ ಕರಕೊಂಡು ಹೋಗ್ರಿ. ಅಂಗನವಾಡಿ ಟೀಚರ್ ಮಾತು ಭಾಳ ಕೆಲಸ ಮಾಡತದ, "ನನ್ನ ಕಡೆ ಕೂತು ಹಾಡಿದ ಹುಡುಗಿ, ತ್ರಾಸು ಕೊಟ್ಟಿಲ್ಲ" ಅಂತ ಅವರು ಹೇಳಿದ್ರ ಹೆಡ್ ಮಾಸ್ಟರಿಗೆ ಮಗು ಕಣ್ಣಿಗೆ ಕಾಣತದ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇರಲಿಲ್ಲಂದ್ರ ವಿಆರ್‌ಡಬ್ಲ್ಯೂ ಕಡಿಂದ ಮಾಡಿಸ್ರಿ, ಆದ್ರ ಅದು ಬರೋ ತನಕ ದಾಖಲಾತಿ ನಿಲ್ಲಬಾರದು.

ಪುತ್ತೂರಿನ ಅಪ್ಪ

ಚಿಕ್ಕಮ್ಮನವರೇ, ಆ ಎಸ್‌ಡಿಎಂಸಿ ಸದಸ್ಯರಿಗೆ ಒಂದು ಮಾತು ನೆನಪು ಮಾಡಿ. ಕಾಯ್ದೆ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರು, ಅವಕಾಶವಂಚಿತ ಮಕ್ಕಳ ಪೋಷಕರಿಗೂ ಪಾಲು ಉಂಟು. ನಿಮ್ಮ ಅಕ್ಕನ ಮಗ ಅಲ್ಲೇ ಓದ್ತಾನೆ ಅಂದ್ರೆ ಅಕ್ಕ ಈಗಲೇ ಆ ಶಾಲೆಯ ಪೋಷಕರು, ಮೀಟಿಂಗಿಗೆ ಹೋಗಿ ಕೂತು ಮಾತಾಡ್ಲಿಕ್ಕೆ ಅವರಿಗೆ ಯಾರ ಅಪ್ಪಣೆ ಬೇಡ. ನಾನೂ ಮೊದಲು ಸುಮ್ಮನೆ ಕೂತು ಬರ್ತಿದ್ದೆ. ಈಗ ನಾವು ನಾಲ್ಕು ಮನೆಯವರು ಒಟ್ಟಿಗೆ ಹೋಗ್ತೇವೆ, ಒಬ್ಬ ಮಾತಾಡ್ತಾನೆ, ಮೂವರು ಪಕ್ಕದಲ್ಲಿ. ಧ್ವನಿ ಎತ್ತುವ ಅಗತ್ಯವೇ ಬೀಳುವುದಿಲ್ಲ.

ನಲಿಕಲಿ ಟೀಚರ್

ನಾನೂ ಶಿಕ್ಷಕಿಯಾಗಿ ಹೇಳ್ತೀನಿ, ದೂರು ಕೊಟ್ಟ ಮನೆ ಮಗು ಮೇಲೆ ಸಿಟ್ಟು ತೀರಿಸೋ ಶಿಕ್ಷಕರು ಇಲ್ಲ ಅಂತ ಹೇಳಲ್ಲ, ಇದಾರೆ. ಹೊಡೆಯೋದಷ್ಟೇ ಅಲ್ಲ, ಮಾತಲ್ಲಿ ಹಂಗಿಸೋದು, ಹಿಂದೆ ಕೂರಿಸೋದು, ಹೆಸರು ಬಿಟ್ಟು ಅವಳ ಕಾಲು ಕೈ ಹೇಳಿ ಕರೆಯೋದು. ಆರ್‌ಟಿಇ 17ನೇ ಸೆಕ್ಷನ್‌ನಲ್ಲಿ ಮಾನಸಿಕ ಕಿರುಕುಳಾನೂ ನಿಷೇಧ ಇದೆ, ನಮಗೆಲ್ಲಾ ತರಬೇತೀಲಿ ಹೇಳಿದಾರೆ. ಹಾಗಾದ್ರೆ 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ, ದುಡ್ಡಿಲ್ಲ. ಆದ್ರೆ ಮಗು ಬಂದು ಒಂದು ತಿಂಗಳಾದ್ರೆ ಬಹಳ ಶಾಲೆಗಳಲ್ಲಿ ವಾತಾವರಣಾನೇ ಬೇರೆ ಆಗುತ್ತೆ ಅಕ್ಕ. ನಮ್ಮ ಕಿವಿ ಕೇಳದ ಹುಡುಗನಿಗೆ ನಾನು ಏನೂ ವಿಶೇಷ ಕಲಿತಿರ್ಲಿಲ್ಲ, ಪಕ್ಕದ ಹುಡುಗೀರೇ ಕೈಸನ್ನೆ ಕಟ್ಕೊಂಡ್ರು, ಈಗ ನಾನೇ ಅವರ ಹತ್ರ ಕೇಳ್ತೀನಿ ಇವನು ಏನಂದ ಅಂತ. ಬಾಗಿಲಲ್ಲೇ ನಿಲ್ಲಿಸಿದ್ರೆ ಇದು ಯಾವುದೂ ಆಗಲ್ಲ. ನಿಮ್ಮ ಅಕ್ಕಂಗೆ ಹೇಳಿ, ಕಾಗದ ಕೊಡಿ.

ಮೈಸೂರು ವಕೀಲ

ಮೇಲಕ್ಕೆ ಹೋಗ್ಬೇಕಾಗಿ ಬಂದ್ರೆ ಹಾದಿ ಇದು: ಬಿಇಓ, ಆಮೇಲೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು). ಆರ್‌ಟಿಇ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ರೆ ಮೂರು ತಿಂಗಳಲ್ಲಿ ತೀರ್ಮಾನ ಮಾಡ್ಬೇಕು, ಒಪ್ಪಿಗೆ ಆಗ್ಲಿಲ್ಲ ಅಂದ್ರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಅಂಗವೈಕಲ್ಯದ ವಿಷಯ ಆದ್ರಿಂದ ರಾಜ್ಯದ ಅಂಗವಿಕಲರ ಆಯುಕ್ತರಿಗೂ ನೇರವಾಗಿ ಬರೀಬಹುದು. ವಕೀಲರನ್ನ ಇಡೋ ಅಗತ್ಯ ಇಲ್ಲ, ಕನ್ನಡದಲ್ಲೇ ಬರೀರಿ.

ಬೆಂಗಳೂರು ಸೈಟ್ ಶಾಲೆ

ಇದೇ ಸಾಲಲ್ಲಿ ಒಂದು ಪ್ರಶ್ನೆ ಇದೆ ಸರ್. ನಾವು ಕೆಲವರು ಕಟ್ಟಡ ಕೆಲಸದ ಶೆಡ್‌ಗಳಲ್ಲಿ ಮಕ್ಕಳಿಗೆ ಪಾಠ ಮಾಡ್ತೀವಿ, ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯವರು. ಹತ್ರದ ಸರ್ಕಾರಿ ಶಾಲೆಗೆ ಕರ್ಕೊಂಡ್ ಹೋದ್ರೆ ಊರಿನ ಶಾಲೆ ಟಿಸಿ ತನ್ನಿ, ಆಧಾರ್ ತನ್ನಿ, ಈಗ ವರ್ಷದ ನಡುವೆ ಆಗಲ್ಲ ಅಂತಾರೆ. ಟಿಸಿ ತರೋಕೆ ಅಪ್ಪ ಎರಡು ದಿನದ ಕೂಲಿ ಬಿಟ್ಟು ಊರಿಗೆ ಹೋಗ್ಬೇಕು. ಅಷ್ಟರಲ್ಲಿ ಸೈಟೇ ಬದಲಾಗಿರುತ್ತೆ.

ಮೈಸೂರು ವಕೀಲ

ಮೂರಕ್ಕೂ ಉತ್ತರ ಇದೆ. ಟಿಸಿ ಬರೋದು ತಡ ಆಯ್ತು ಅಂತ ದಾಖಲಾತಿ ತಡ ಮಾಡೋ ಹಾಗಿಲ್ಲ, ನಿರಾಕರಿಸೋ ಹಾಗಿಲ್ಲ, ಅದು ಆರ್‌ಟಿಇ 5ನೇ ಸೆಕ್ಷನ್, ಟಿಸಿ ಕೊಡೋಕೆ ತಡ ಮಾಡಿದ ಹೆಚ್ಎಂ ಮೇಲೇ ಶಿಸ್ತು ಕ್ರಮ ಇದೆ. ಹುಟ್ಟಿದ ದಾಖಲೆ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ, ಅದು 14ನೇ ಸೆಕ್ಷನ್. ವರ್ಷದ ನಡುವೆ ಬಂದ್ರೂ ಸೇರಿಸ್ಕೋಬೇಕು, ಅದು 15ನೇ ಸೆಕ್ಷನ್. ಆಧಾರ್ ಇಲ್ಲದ ಕಾರಣಕ್ಕೆ ಶಾಲೆ ಸೇರೋದು ನಿಲ್ಲಬಾರ್ದು ಅಂತ 2018ರ ಸೆಪ್ಟೆಂಬರ್‌ನ ಆಧಾರ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ನಾಲ್ಕನ್ನೂ ಒಂದು ಹಾಳೇಲಿ ಪ್ರಿಂಟ್ ಹಾಕಿಸಿ ಇಟ್ಕೊಳ್ಳಿ, ಹೋದಾಗ ಮೇಜಿನ ಮೇಲಿಡಿ.

ನಿವೃತ್ತ ಮೇಷ್ಟ್ರು, ತುಮಕೂರು

ಹಾಳೆ ಇಡೋದರ ಜೊತೆ, ಹಳೇ ಶಾಲೆಯ ಸ್ಯಾಟ್ಸ್ ನಂಬರ್ ಮಗು ಕೈಲೇ ಒಂದು ಚೀಟೀಲಿ ಬರೆದು ಕೊಟ್ಟಿರಿ. ನಂಬರ್ ಇದ್ರೆ ಇಲ್ಲಿಯ ಹೆಚ್ಎಂ ಆನ್‌ಲೈನಲ್ಲೇ ಅಲ್ಲಿಂದ ಟಿಸಿಗೆ ಕೋರಿಕೆ ಹಾಕ್ಬಹುದು, ಅಪ್ಪ ಊರಿಗೆ ಹೋಗೋದು ತಪ್ಪುತ್ತೆ. ಒಂದು ಫೋನಲ್ಲಿ ಆಗೋ ಕೆಲಸ, ಮಾಡಿಸಿ.